ಸಮಾಜ ವಿಜ್ಞಾನದ ಉಪಾಧ್ಯಾಯರ ಶಿಕ್ಷಣ: ಪದವಿಯ ಸ್ವರೂಪವನ್ನು ಕುರಿತು

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವು ಹೆಸರಿಗೆ ಒಂದೇ ವಿಷಯ. ಆದರೆ ಕರ್ನಾಟಕದ ಪಠ್ಯಪುಸ್ತಕವನ್ನು ತೆರೆದರೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಭಾಗಗಳು ಕಾಣುತ್ತವೆ. ಸಾಮಾನ್ಯವಾಗಿ ಒಬ್ಬರೇ ಉಪಾಧ್ಯಾಯರು ಇವೆಲ್ಲವನ್ನೂ ಬೋಧಿಸಬೇಕು. ವಿಶ್ವವಿದ್ಯಾನಿಲಯವಾದರೋ ಇವುಗಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಕಲಿಸುತ್ತದೆ. ಈ ಅಂತರವನ್ನು ಉಪಾಧ್ಯಾಯರ ಪದವಿಯು ಹೇಗೆ ತುಂಬಬಲ್ಲುದೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಈ ವಿಷಯಗಳನ್ನು ಒಂದುಗೂಡಿಸುವ ವಿಚಾರವು ಅಮೆರಿಕದಲ್ಲಿ 1916ರ ಒಂದು ಸಮಿತಿಯ ವರದಿಯಿಂದ ಪ್ರಚಾರಕ್ಕೆ ಬಂದಿತು. ನಮ್ಮ ದೇಶದಲ್ಲಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು (1952–53) ಇದನ್ನು ಶಿಫಾರಸು ಮಾಡಿತು. ವಿದ್ಯಾರ್ಥಿಯು ತಾನು ಬಾಳುವ ಸಮಾಜವನ್ನು ಅಖಂಡವಾಗಿ ಅರಿಯಬೇಕೆಂಬುದೇ ಇದರ ಉದ್ದೇಶ.

ಉಪಾಧ್ಯಾಯರನ್ನು ಸಿದ್ಧಗೊಳಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು, ಬಿ.ಎ. ಪದವಿಯ ತರುವಾಯ ಬಿ.ಎಡ್. ವ್ಯಾಸಂಗ. ಹಿಂದೆ ಒಂದು ವರ್ಷದ್ದಾಗಿದ್ದ ಈ ವ್ಯಾಸಂಗವನ್ನು 2014ರ ನಿಯಮಾವಳಿಯು ಎರಡು ವರ್ಷಗಳಿಗೆ ವಿಸ್ತರಿಸಿ, ಇಪ್ಪತ್ತು ವಾರಗಳ ಶಾಲಾನುಭವವನ್ನು ಕಡ್ಡಾಯಗೊಳಿಸಿತು. ಎರಡನೆಯದು, ವಿಷಯಜ್ಞಾನವನ್ನೂ ಬೋಧನಾಕ್ರಮವನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷಗಳ ಸಂಯೋಜಿತ ಪದವಿ. 1963ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಈ ಮಾರ್ಗದ ಪ್ರಯೋಗಭೂಮಿಗಳಲ್ಲಿ ಒಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇದಕ್ಕೆ ಪ್ರಾಶಸ್ತ್ಯವಿತ್ತಿದೆ.

ಆದರೆ ವರ್ಷಗಳ ಎಣಿಕೆಯಿಂದಲೇ ಸಮಸ್ಯೆ ಪರಿಹಾರವಾಗದು. ಒಂದು ಉದಾಹರಣೆಯನ್ನು ನೋಡೋಣ. ಕೃಷ್ಣರಾಜಸಾಗರವನ್ನು ಕುರಿತ ಪಾಠದಲ್ಲಿ, 1911ರಲ್ಲಿ ಕಾಮಗಾರಿ ಆರಂಭವಾದ ಬಗೆ ಮತ್ತು ವಿಶ್ವೇಶ್ವರಯ್ಯನವರ ಪಾತ್ರ ಇತಿಹಾಸಕ್ಕೆ ಸೇರಿದವು. ಕೊಡಗಿನಲ್ಲಿ ನೈಋತ್ಯ ಮಾರುತ ಕ್ಷೀಣಿಸಿದರೆ ಜಲಾಶಯವೇಕೆ ತುಂಬದೆಂಬುದು ಭೂಗೋಳ. ನಾಲೆಯ ನೀರಿನಿಂದ ಮಂಡ್ಯದ ಕಬ್ಬಿನ ಬೇಸಾಯವೂ 1933ರ ಸಕ್ಕರೆ ಕಾರ್ಖಾನೆಯೂ ಬೆಳೆದುದು ಅರ್ಥಶಾಸ್ತ್ರ. ನೀರಿನ ಹಂಚಿಕೆಯ ವಿವಾದವು 1990ರಲ್ಲಿ ನ್ಯಾಯಮಂಡಳಿಗೆ ಹೋಗಿ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಕಂಡುದು ರಾಜ್ಯಶಾಸ್ತ್ರ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದಿದ ಪದವೀಧರರು ಹತ್ತನೆಯ ತರಗತಿಯ ಅನಂತರ ಭೂಪಟವನ್ನು ಮುಟ್ಟದೆ ಇರಬಹುದು. ಅಂಥವರ ಪಾಠದಲ್ಲಿ ಅಣೆಕಟ್ಟು ಇರುತ್ತದೆ, ಮಳೆಯಿರುವುದಿಲ್ಲ. ಭೂಗೋಳವನ್ನು ಮಾತ್ರ ಬಲ್ಲವರ ಪಾಠದಲ್ಲಿ ನದಿಯಿರುತ್ತದೆ, ಹಕ್ಕಿನ ಪ್ರಶ್ನೆಯಿರುವುದಿಲ್ಲ.

ಆದಕಾರಣ ಪದವಿಯಲ್ಲಿ ಮೂರು ಅಂಶಗಳು ಅವಶ್ಯವೆಂದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಪ್ರಶಿಕ್ಷಣಾರ್ಥಿಯು ಬಿ.ಎ. ತರಗತಿಯಲ್ಲಿ ಓದದೆ ಬಿಟ್ಟ ವಿಷಯಗಳಿಗೆ ಪೂರಕ ವ್ಯಾಸಂಗವಿರಬೇಕು. ಬೋಧನಾಕ್ರಮದ ಪತ್ರಿಕೆಯೊಂದು ವಿಷಯಜ್ಞಾನದ ಕೊರತೆಯನ್ನು ನೀಗಿಸಲಾರದು. ಎರಡನೆಯದಾಗಿ, ಕೆರೆ, ಸಂತೆ, ಗ್ರಾಮ ಪಂಚಾಯತಿಗಳಂಥ ಸ್ಥಳೀಯ ವಸ್ತುವೊಂದನ್ನು ಹಲವು ಶಾಸ್ತ್ರಗಳ ದೃಷ್ಟಿಯಿಂದ ಪರಿಶೀಲಿಸಿ ಪಾಠ ರಚಿಸುವ ಅಭ್ಯಾಸವಿರಬೇಕು. ಮೂರನೆಯದಾಗಿ, ಅಭ್ಯಾಸ ಪಾಠಗಳನ್ನು ಶಿಕ್ಷಣ ವಿಭಾಗದವರೊಡನೆ ಇತಿಹಾಸ, ಭೂಗೋಳ ಮೊದಲಾದ ವಿಭಾಗಗಳ ಅಧ್ಯಾಪಕರೂ ವೀಕ್ಷಿಸಬೇಕು. ಉಪಾಧ್ಯಾಯರ ಶಿಕ್ಷಣವು ವಿಶ್ವವಿದ್ಯಾನಿಲಯದ ಜೀವನದಿಂದ ದೂರ ಉಳಿದಿರುವುದನ್ನು ಕೊಠಾರಿ ಆಯೋಗವು (1964–66) ಎತ್ತಿ ತೋರಿತ್ತು. ಆ ಮಾತು ಇಂದಿಗೂ ಮನನಯೋಗ್ಯವಾಗಿದೆ.

ಇದು ಕೇವಲ ಪಠ್ಯಕ್ರಮದ ಪ್ರಶ್ನೆಯಲ್ಲ. ಹತ್ತನೆಯ ತರಗತಿಯ ಬಳಿಕ ವಿಜ್ಞಾನ ವಿಭಾಗಕ್ಕೆ ಹೋಗುವವರು ಪದವಿಪೂರ್ವ ತರಗತಿಗಳಲ್ಲಿ ಇತಿಹಾಸವನ್ನಾಗಲಿ ರಾಜ್ಯಶಾಸ್ತ್ರವನ್ನಾಗಲಿ ಓದುವುದಿಲ್ಲ. ಓದನ್ನು ಅಲ್ಲಿಗೇ ನಿಲ್ಲಿಸುವವರಿಗಂತೂ ಬೇರೆ ಅವಕಾಶವೇ ಇಲ್ಲ. ಸಂವಿಧಾನ, ನೆಲ, ನೀರು, ದುಡಿಮೆ ಇವುಗಳ ಪರಸ್ಪರ ಸಂಬಂಧವನ್ನು ಶಾಲೆಯಲ್ಲಿ ಅರಿಯಲು ಅವರಿಗೆ ದೊರೆಯುವ ಕಡೆಯ ಪಾಠ ಪ್ರೌಢಶಾಲೆಯದು. ಮೂರು ವರ್ಷಗಳ ಬಳಿಕ ಅವರು ಮತದಾರರಾಗುತ್ತಾರೆ. ಆ ಪಾಠವನ್ನು ಹೇಳುವವರ ಸಿದ್ಧತೆಯ ಹೊಣೆಯನ್ನು ಶಿಕ್ಷಣ ವಿಭಾಗವೊಂದಕ್ಕೇ ಬಿಡದೆ, ಇಡೀ ವಿಶ್ವವಿದ್ಯಾನಿಲಯವು ಹೊರುವುದು ಯುಕ್ತ.