ಲೆಕ್ಕಕ್ಕೆ ಸಿಗದ ಮದರಾಸಿನ ನೆಂಟ

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ ನಮ್ಮ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಾಗಿಲು ತೆರೆಯಿತು. ಅವುಗಳಲ್ಲಿ ಮದರಾಸೂ ಒಂದು. ಚೆನ್ನೈ ಎಂಬ ಹೆಸರು ಅಧಿಕೃತವಾಗಲು ಇನ್ನೂ ಒಂದು ವರ್ಷ ಬಾಕಿಯಿತ್ತು. ತೆರೆದದ್ದು ಬಾಗಿಲೋ ಕಿಂಡಿಯೋ ಎಂಬ ಅನುಮಾನ ಮಾತ್ರ ಬೇಗನೆ ಶುರುವಾಯಿತು. ಫೋನಿನ ವೈರು ಕಿತ್ತು ಮೋಡೆಮ್‌ಗೆ ಸಿಕ್ಕಿಸಿದರೆ ಹತ್ತಾರು ಸಲ 'ಬಿಜಿ' ಸದ್ದೇ ಕೇಳುತ್ತಿತ್ತು. ಅದಕ್ಕೇ ಊರು ಮಲಗುವುದನ್ನು ಕಾಯಬೇಕಿತ್ತು. ಕಿರುಗುಟ್ಟುತ್ತಾ ಕೊನೆಗೂ ಸಂಪರ್ಕ ಸಿಕ್ಕರೆ, ವೇಗ ಸೆಕೆಂಡಿಗೆ 9,600 ಬಿಟ್.

ವಿದ್ಯಾರ್ಥಿಗಳ ಜೇಬಿಗೆ ಎಟುಕಿದ್ದು ಅಗ್ಗದ 'ಶೆಲ್' ಖಾತೆ. ಇಮೇಲ್ ವಿಳಾಸದ ಬಾಲದಲ್ಲಿ 'ಗಿಯಾಸ್‌ಎಂಡಿ01' ಎಂಬ ಮದರಾಸಿನ ಯಂತ್ರದ ಹೆಸರು, ಕಪ್ಪು ಪರದೆಯ ತುಂಬ ಬರೀ ಅಕ್ಷರ. ಜಾಲ ನೋಡಲು ಲಿಂಕ್ಸ್ ಎಂಬ ತಂತ್ರಾಂಶವಿತ್ತು. ಚಿತ್ರ ಇರುವ ಕಡೆ 'ಇಲ್ಲೊಂದು ಚಿತ್ರ ಇದೆ' ಎಂಬ ಗುರುತು ಹಾಕಿ ಅದು ಮುಂದೆ ಹೋಗಿಬಿಡುತ್ತಿತ್ತು.

ಆಗ ಜಾಲಪುಟ ಮಾಡಿಕೊಂಡವರಿಗೆಲ್ಲ ಒಂದೇ ಚಪಲ: ನನ್ನ ಮನೆಗೆ ಎಷ್ಟು ಜನ ಬಂದರು? ಪುಟದ ಅಡಿಯಲ್ಲಿ ಸ್ಕೂಟರಿನ ಮೀಟರಿನಂತೆ ಅಂಕಿಗಳ ಸಾಲು ಕೂರಿಸುವುದು ಶೋಕಿಯಾಯಿತು. ಆ ಸಾಲು ಒಂದು ಚಿತ್ರ. ಸರ್ವರ್‌ನಲ್ಲಿ ಕೂತ ಪುಟ್ಟ ಪ್ರೋಗ್ರಾಂ ಸಂಖ್ಯೆಯನ್ನು ಒಂದು ಏರಿಸಿ, ಆ ಚಿತ್ರ ಬಿಡಿಸಿ ಕಳಿಸುತ್ತಿತ್ತು. ಪುಟದ ಮೂಲಕ ಸರ್ವರ್‌ನಲ್ಲಿ ಪ್ರೋಗ್ರಾಂ ಓಡಿಸುವ ಸಿಜಿಐ ಎಂಬ ಈ ಏರ್ಪಾಡು 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರೂಪುಗೊಂಡಿತ್ತು.

ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಸರ್ವರ್‌ನ ದಿನಚರಿ ಕಡತ ಒಂದು ಹೇಳಿದರೆ, ಪುಟದ ಮೇಲಿನ ಅಂಕಿ ಅದಕ್ಕಿಂತ ಕಡಿಮೆ ಹೇಳುತ್ತಿತ್ತು. ಕೆಲವೊಮ್ಮೆ ನೂರಾರರಲ್ಲಿದ್ದ ಅಂಕಿ ಕಾರಣವೇ ತಿಳಿಯದೆ ಒಂದಕ್ಕೆ ಬಂದು ಕೂತಿರುತ್ತಿತ್ತು. ತಿಂಗಳುಗಟ್ಟಲೆ ಕೂಡಿಟ್ಟ ಹೆಮ್ಮೆ ಒಂದು ರಾತ್ರಿಯಲ್ಲಿ ಮಾಯ!

ಇಷ್ಟೆಲ್ಲ ಆಗುವ ಮೊದಲೇ, 1994ರಲ್ಲಿ, ರಾಸ್ಮಸ್ ಲೆರ್ಡಾರ್ಫ್ ಎಂಬ ತರುಣನಿಗೆ ಇದೇ ಚಪಲ ಹತ್ತಿತ್ತು. ಗ್ರೀನ್‌ಲ್ಯಾಂಡ್‌ನಲ್ಲಿ ಹುಟ್ಟಿದವನು, ಹಿಂದಿನ ವರ್ಷವಷ್ಟೇ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಮುಗಿಸಿ ಬಂದವನು. ಒಂದು ಗುತ್ತಿಗೆ ಕೆಲಸ ಮುಗಿದು ಇನ್ನೊಂದು ಸಿಗುವ ನಡುವಿನ ಬಿಡುವು. ಜಾಲದಲ್ಲಿಟ್ಟ ತನ್ನ ಬಯೋಡೇಟಾವನ್ನು ಯಾರು ಓದುತ್ತಿದ್ದಾರೆ? ಕೆಲಸ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಕುತೂಹಲ ಇನ್ನೇನಿದ್ದೀತು! ಒಂದೇ ಮಧ್ಯಾಹ್ನದಲ್ಲಿ ಪರ್ಲ್ ಭಾಷೆಯಲ್ಲಿ ಪುಟ್ಟ ಸ್ಕ್ರಿಪ್ಟ್ ಗೀಚಿದ. ಅವನ ಉಪಾಯ ಬೇರೆಯೇ ಆಗಿತ್ತು. ಪುಟವನ್ನು ನೇರವಾಗಿ ಬಿಡದೆ, ತನ್ನ ಸ್ಕ್ರಿಪ್ಟಿನ ಕೈಯಿಂದಲೇ ಬಡಿಸಿದ.

ಎಡವಿದ್ದು ಇಲ್ಲೇ. ಪುಟವಿದ್ದ ಸರ್ವರ್ ಮೊದಲೇ ಏದುಸಿರು ಬಿಡುತ್ತಿತ್ತು. ಯಾರಾದರೂ ಪುಟ ತೆರೆದಾಗಲೆಲ್ಲ ಪರ್ಲ್ ಯಂತ್ರವನ್ನೇ ಹೊಸದಾಗಿ ಎಬ್ಬಿಸಬೇಕಿತ್ತು. ನೆಂಟರು ಒಬ್ಬೊಬ್ಬರು ಬಂದಾಗಲೂ ಸೌದೆ ಒಡೆದು, ಒಲೆ ಹಚ್ಚಿ, ಆಮೇಲೆ ಕಾಫಿಗೆ ಎಸರಿಟ್ಟ ಹಾಗೆ. ಸರ್ವರ್ ಮುಗ್ಗರಿಸಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರೇನೋ. ಲೆರ್ಡಾರ್ಫ್ ಮಾತ್ರ ಇಡೀ ಸ್ಕ್ರಿಪ್ಟನ್ನು ಸಿ ಭಾಷೆಯಲ್ಲಿ ಮತ್ತೆ ಬರೆದ. ಭಾರ ಇಳಿಯಿತು.

ಅದೇ ಸರ್ವರ್ ಹಂಚಿಕೊಂಡಿದ್ದವರ ಕಣ್ಣಿಗೆ ಇದು ಬಿತ್ತು. ನಮಗೂ ಕೊಡು ಅಂದರು. ಕೊಟ್ಟ ಮೇಲೆ, ಇದೂ ಇರಲಿ ಅದೂ ಇರಲಿ ಅಂದರು. ತನ್ನೊಬ್ಬನಿಗೆಂದು ಮಾಡಿಕೊಂಡದ್ದು ಕಟ್ಟಾಗಿ ಬೆಳೆಯಿತು. 1995ರ ಜೂನ್ 8ರಂದು, ಮದರಾಸಿನ ಬಾಗಿಲು ತೆರೆಯಲು ಎರಡು ತಿಂಗಳು ಇರುವಾಗ, ಅವನು ಅದನ್ನು 'ಪರ್ಸನಲ್ ಹೋಮ್ ಪೇಜ್ ಟೂಲ್ಸ್' ಎಂಬ ಹೆಸರಲ್ಲಿ ಎಲ್ಲರಿಗೂ ಪುಕ್ಕಟೆ ಹಂಚಿದ. ದಿನದ ಲೆಕ್ಕ, ಒಟ್ಟು ಲೆಕ್ಕ, ಕೊನೆಗೆ ಬಂದವರು ಯಾರು ಎಂಬ ವಿವರ, ಎಲ್ಲವೂ ಅದರಲ್ಲಿತ್ತು. ಮದರಾಸಿನ ಕಪ್ಪು ಪರದೆಗಳು ಅವನ ಮನಸ್ಸಿನಲ್ಲಿ ಇದ್ದಿರಲಿಕ್ಕಿಲ್ಲ. ಆದರೂ ಲೆಕ್ಕ ಕೂಡದ ಗಂಟು ಬಿಚ್ಚುವ ದಾರಿ ಅದರಲ್ಲೇ ಇತ್ತು.

ಚಿತ್ರದ ಮೀಟರು ಏರುತ್ತಿದ್ದದ್ದು ಪುಟ ತೆರೆದಾಗ ಅಲ್ಲ, ಚಿತ್ರ ಬೇಕೆಂದು ಕೇಳಿದಾಗ. ಲಿಂಕ್ಸ್ ಚಿತ್ರ ಕೇಳುತ್ತಲೇ ಇರಲಿಲ್ಲ. ಹಾಗಾಗಿ ಮದರಾಸಿನ ಶೆಲ್ ಖಾತೆಯ ಹುಡುಗ ಪುಟವನ್ನು ತುದಿಯವರೆಗೆ ಓದಿ ಹೋದರೂ ಮೀಟರಿನ ಪಾಲಿಗೆ ಬಂದೇ ಇರಲಿಲ್ಲ. ಸ್ಕ್ರಿಪ್ಟೇ ಪುಟ ಬಡಿಸಿದರೆ ಎಣಿಕೆ ಹೊಸ್ತಿಲಲ್ಲೇ ಮುಗಿಯುತ್ತದೆ, ಸಂಖ್ಯೆ ಅಕ್ಷರವಾಗಿ ಪುಟದಲ್ಲೇ ಬರುತ್ತದೆ.

ಒಂದಕ್ಕೆ ಜಾರುವ ರೋಗದ ಮೂಲ ಮದುವೆಮನೆಯ ಮುಯ್ಯಿ ಪುಸ್ತಕ ಬಲ್ಲವರಿಗೆ ಕೂಡಲೇ ಹೊಳೆಯುತ್ತದೆ: ಒಂದೇ ಪುಸ್ತಕಕ್ಕೆ ಇಬ್ಬರು ಒಮ್ಮೆಗೇ ಕೈಹಾಕಿದರೆ ಲೆಕ್ಕ ತಪ್ಪುತ್ತದೆ. ಇಬ್ಬರು ಒಮ್ಮೆಗೇ ಬಂದರೆ ಇಬ್ಬರ ಪಾಲಿನ ಸ್ಕ್ರಿಪ್ಟೂ ಸಂಖ್ಯೆ ಬರೆದಿಟ್ಟ ಕಡತದಲ್ಲಿ 99 ಓದಿ, ಇಬ್ಬರೂ 100 ಬರೆಯುವರು. ಒಬ್ಬ ನೆಂಟ ಕಳೆದುಹೋದ. ಬರೆಯಲೆಂದು ಒಬ್ಬ ಕಡತ ಒರೆಸಿದ ಗಳಿಗೆಯಲ್ಲೇ ಇನ್ನೊಬ್ಬ ಓದಿದರೆ, ಸಿಗುವುದು ಖಾಲಿ ಹಾಳೆ. ಲೆಕ್ಕ ಒಂದರಿಂದ ಶುರು. ಮದ್ದು ಬೀಗ. ಮೊದಲು ಬಂದವನು ಕಡತಕ್ಕೆ ಬೀಗ ಹಾಕಿ, ಓದಿ, ಒಂದು ಕೂಡಿಸಿ, ಬರೆದು, ಬೀಗ ತೆಗೆಯುವವರೆಗೆ ಎರಡನೆಯವನು ಕಾಯಬೇಕು.

ಬಯೋಡೇಟಾ ಓದುವವರನ್ನು ಎಣಿಸಲು ಹುಟ್ಟಿದ ಆ ಕಟ್ಟಿನ ಮೂರು ಮೊದಲಕ್ಷರಗಳೇ ಇವತ್ತಿನ ಪಿಎಚ್‌ಪಿ. ವಿಕಿಪೀಡಿಯ ಓಡುತ್ತಿರುವುದು ಅದರ ಮೇಲೆಯೇ.