ಹುಲಿ ಸತ್ತಿತೋ, ಉಳಿಯಿತೋ?

2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ನಮ್ಮ ಪುಣ್ಯಕೋಟಿ ಸಂಸ್ಕೃತ ಮಾತಾಡಿತು. ಬೆಂಗಳೂರಿನ ವಿ. ರವಿಶಂಕರ್ ನಿರ್ದೇಶಿಸಿದ ಆ ಚಿತ್ರಕ್ಕೆ ಇಳಯರಾಜಾ ಸಂಗೀತ, ಹಸುವಿಗೆ ನಟಿ ರೇವತಿಯವರ ದನಿ. ದೊಡ್ಡ ಸ್ಟುಡಿಯೊ ಹಣ ಹಾಕಿ ತೆಗೆದದ್ದಲ್ಲ, ಆಸಕ್ತರು ಕೈಲಾದಷ್ಟು ಕೊಟ್ಟು ಕೂಡಿದ ದುಡ್ಡಿನಲ್ಲಿ ವರ್ಷಗಟ್ಟಲೆ ಕುಂಟುತ್ತಾ ಸಾಗಿ ಮುಗಿದದ್ದು. ಸಂಸ್ಕೃತದ ಮೊದಲ ಆನಿಮೇಷನ್ ಸಿನಿಮಾ ಎಂಬ ಹೆಸರು ಅದಕ್ಕೆ ಬಂತು. ಕನ್ನಡ ಶಾಲೆಯ ಮಕ್ಕಳು ಬಾಯಿಪಾಠ ಮಾಡಿ, ಮೂಗು ಒರೆಸಿಕೊಳ್ಳುತ್ತಾ ಒಪ್ಪಿಸುತ್ತಿದ್ದ ಹಾಡು ದೇವಭಾಷೆಗೆ ಹೋಯಿತಲ್ಲ ಎಂದು ಕೆಲವರು ಹಿಗ್ಗಿದರು. ಕನ್ನಡದಲ್ಲೇ ಏಕೆ ಮಾಡಲಿಲ್ಲ ಎಂದು ಕೆಲವರು ಮುನಿದರು.

ಆದರೆ ಈ ಹಸುವಿಗೆ ಸಂಸ್ಕೃತ ಹೊಸದೇನಲ್ಲ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ನಂದಾ ಎಂಬ ಹಸು ಇದೆ. ಹಿಂಡಿನಿಂದ ತಪ್ಪಿಸಿಕೊಂಡು ಹುಲಿಯ ಬಾಯಿಗೆ ಸಿಗುತ್ತದೆ, ಕರುವಿಗೆ ಹಾಲುಣಿಸಿ ಬರುತ್ತೇನೆಂದು ಆಣೆ ಮಾಡಿ ಹೋಗುತ್ತದೆ, ಹೇಳಿದಂತೆ ಮರಳಿ ಬರುತ್ತದೆ. ಅಲ್ಲಿನ ಹುಲಿ ಮಾತ್ರ ಬರೀ ಹುಲಿಯಲ್ಲ, ಪ್ರಭಂಜನನೆಂಬ ರಾಜ. ಮರಿಗೆ ಮೊಲೆಯೂಡಿಸುತ್ತಿದ್ದ ಜಿಂಕೆಯನ್ನು ಬಾಣ ಬಿಟ್ಟು ಕೊಂದು, ಅದರ ಶಾಪದಿಂದ ಹುಲಿಯಾದವನು. ನಂದೆಯ ಜೊತೆ ಮಾತಾಡಿದ್ದೇ ತಡ, ಶಾಪ ಕಳೆದು ಮನುಷ್ಯನಾಗುತ್ತಾನೆ. ಗುಜರಾತಿನ ಕಡೆ ಶ್ರಾವಣದಲ್ಲಿ ಹೆಂಗಸರು ಮಾಡುವ ಬಹುಲಾ ಚೌತಿಯ ವ್ರತಕಥೆಯಲ್ಲೂ ಇದೇ ಆಣೆ, ಇದೇ ಮರಳುವಿಕೆ. ಅಲ್ಲಿ ಹಸುವನ್ನು ಅಡ್ಡಗಟ್ಟಿದ ಸಿಂಹ ಸಾಕ್ಷಾತ್ ಕೃಷ್ಣ, ಪರೀಕ್ಷೆ ಮಾಡಲು ಬಂದವನು. ಎರಡೂ ಕಡೆ ಹೆದರಿಕೆ ಅರ್ಧಕ್ಕೇ ಇಳಿದುಹೋಗುತ್ತದೆ.

ಕನ್ನಡದ ಅರ್ಬುತನಿಗೆ ಆ ಅನುಕೂಲ ಇಲ್ಲ. ಅವನು ಶಾಪಗ್ರಸ್ತ ರಾಜನೂ ಅಲ್ಲ, ವೇಷ ಹಾಕಿದ ದೇವರೂ ಅಲ್ಲ. ಹಸಿದ ಹುಲಿ, ಅಷ್ಟೆ. ಪುಣ್ಯಕೋಟಿ ತಿರುಗಿ ಬಂದು ಎದುರು ನಿಂತಾಗ ಅವನಿಗೆ ಅವಳು ಒಡಹುಟ್ಟಿದ ಅಕ್ಕನಂತೆ ಕಾಣುತ್ತಾಳೆ. ಅಕ್ಕನನ್ನು ತಿನ್ನಲಾರ, ಹುಲಿಯಾಗಿ ಹುಟ್ಟಿದ್ದರಿಂದ ಹುಲ್ಲು ತಿಂದು ಬದುಕಲಾರ. ಹಾಗಾಗಿ ಅಲ್ಲೇ ಜೀವ ಕಳೆದುಕೊಳ್ಳುತ್ತಾನೆ. ಹಾಡು ಕಟ್ಟಿದವರು ಯಾರೋ, ಆ ಬಡಪಾಯಿಗೆ ಬೇರೆ ದಾರಿ ಇಟ್ಟಿಲ್ಲ. ಪುರಾಣದ ಸುಖಾಂತಕ್ಕಿಂತ ಇದು ಕಟುವಾದ ಮುಕ್ತಾಯ, ನನ್ನ ಮಟ್ಟಿಗೆ ದೊಡ್ಡ ಮುಕ್ತಾಯ. ಎಸ್.ಎಲ್. ಭೈರಪ್ಪನವರು ಈ ಹಾಡಿನ ಒಂದು ಸಾಲನ್ನೇ ಕಾದಂಬರಿಗೆ ಹೆಸರಿಟ್ಟರು. 1977ರಲ್ಲಿ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಅದನ್ನು ಸಿನಿಮಾ ಮಾಡಿದರು. 2022ರಲ್ಲಿ ಸರ್ಕಾರ ಗೋಶಾಲೆಯ ದನಗಳನ್ನು ದತ್ತು ಕೊಡುವ ಯೋಜನೆಗೂ ಪುಣ್ಯಕೋಟಿಯ ಹೆಸರನ್ನೇ ಇಟ್ಟಿತು. ಹಸುವಿನ ಹೆಸರು ಊರೂರು ಸುತ್ತಿತು. ಸತ್ತ ಹುಲಿಯನ್ನು ಯಾರೂ ನೆನೆಯಲಿಲ್ಲ.

ಈ ಹುಲಿಯ ವಿಷಯ ನನ್ನನ್ನು ಕಾಡುವುದಕ್ಕೆ ಒಂದು ಕಾರಣ ನಮ್ಮ ಸೀಮೆ. ಸಿಂದಗಿ ಕಡೆಯ ಯಂಕಂಚಿಯಲ್ಲಿ ನಿಂತು ಸುತ್ತ ನೋಡಿದರೆ ಕಣ್ಣು ಹಾಯುವವರೆಗೂ ಎರಿ ಹೊಲ, ಬಿಳಿಜೋಳ, ತೊಗರಿ, ನಡುನಡುವೆ ಜಾಲಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯೂ ಹೆಚ್ಚೂಕಡಿಮೆ ಇದೇ ನೆಲ. ಹುಲಿ ಅಡಗಿ ಕೂರುವಂಥ ಕಾಡು ಇಲ್ಲಿಲ್ಲ. ಕುರುಬರ ಮಕ್ಕಳಿಗೆ ತೋಳ ಗೊತ್ತು, ಹುಲಿ ಗೊತ್ತಿಲ್ಲ. ಗೋವಿನ ಹಾಡು ಕೇಳಿ ಬೆಳೆದ ತಲೆಮಾರು ಅರ್ಬುತನನ್ನು ತನಗೆ ತಿಳಿದಂತೆ ಕಲ್ಪಿಸಿಕೊಂಡಿತ್ತು. ಒಬ್ಬನ ಹುಲಿ ತೋಳದಷ್ಟು, ಇನ್ನೊಬ್ಬನದು ಎತ್ತಿನಷ್ಟು. ಹೇಳುವ ಮುದುಕಿ ಹುಲಿಯ ಬಣ್ಣ ಹೇಳುತ್ತಿರಲಿಲ್ಲ, ಕೇಳುವವರು ಬಣ್ಣಕ್ಕೆ ಕಾಯುತ್ತಲೂ ಇರಲಿಲ್ಲ.

ಆನಿಮೇಷನ್ ಮಾಡುವವನಿಗೆ ಈ ಸವಲತ್ತು ಇಲ್ಲ. ‘ಒಂದೂರಾಗ ಒಬ್ಬ ರಾಜಾ ಇದ್ದ’ ಎಂದು ಹೇಳುವವಳು ಉಸಿರು ಬಿಡುವಷ್ಟರಲ್ಲಿ ಮುಂದೆ ಹೋಗುತ್ತಾಳೆ. ಚಿತ್ರ ಬಿಡಿಸುವವನು ಆ ಒಂದು ಮಾತಿಗೆ ರಾಜನ ಮೀಸೆ, ರುಮಾಲು, ಚಪ್ಪಲಿ, ಹಿಂದಿನ ಗೋಡೆ, ಗೋಡೆಯ ಮೇಲಿನ ಬಿಸಿಲು ಎಲ್ಲವನ್ನೂ ತೀರ್ಮಾನಿಸಬೇಕು. ಕ್ಯಾಮೆರಾ ಹಿಡಿದವನಿಗಾದರೆ ಸಿಕ್ಕ ನಟ, ಸಿಕ್ಕ ಊರು ಅರ್ಧ ಕೆಲಸ ಮಾಡಿಕೊಡುತ್ತವೆ. ಗೆರೆ ಎಳೆಯುವವನಿಗೆ ಯಾವುದೂ ಪುಕ್ಕಟೆ ಸಿಗದು. ಕಥೆ ಬದಲಾಗುವುದು ಮೊದಲು ಇಲ್ಲಿ. ಬೇಕೆಂದು ಮಾಡುವ ಬದಲಾವಣೆ ಆಮೇಲಿನದು.

ಬೇಕೆಂದು ಮಾಡಿದ್ದಕ್ಕೆ ಉದಾಹರಣೆ ಡಿಸ್ನಿಯ ಸ್ನೋವೈಟ್. ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ಹುಡುಗಿಯನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವರೇ ಅವಳನ್ನು ಮಲತಾಯಿ ಮಾಡಿದರು. ಅಂದರೆ ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲೇ ತಿದ್ದುಪಡಿ ಶುರುವಾಗಿತ್ತು. ರಾಣಿ ಮೊದಲು ಬಿಗಿಯುವ ಲಾಡಿ, ಆಮೇಲೆ ವಿಷದ ಬಾಚಣಿಗೆ, ಕೊನೆಗೆ ಸೇಬು ಹಿಡಿದು ಮೂರು ಸಲ ಬರುತ್ತಾಳೆ. 1937ರ ಚಿತ್ರದಲ್ಲಿ ಸೇಬು ಮಾತ್ರ ಉಳಿಯಿತು. ಕಥೆಯಲ್ಲಿ ಶವಪೆಟ್ಟಿಗೆ ಹೊತ್ತವರು ಎಡವಿ, ಪೆಟ್ಟಿಗೆ ಕುಲುಕಿ, ಗಂಟಲಲ್ಲಿ ಸಿಕ್ಕಿದ್ದ ಸೇಬಿನ ತುಂಡು ಹೊರಬಿದ್ದು ಹುಡುಗಿ ಏಳುತ್ತಾಳೆ. ಪರದೆಯ ಮೇಲೆ ಮುತ್ತಿಗೆ ಏಳುತ್ತಾಳೆ. ಮದುವೆ ಮನೆಯಲ್ಲಿ ರಾಣಿಗೆ ಕೆಂಡದಲ್ಲಿ ಕಾಯಿಸಿದ ಕಬ್ಬಿಣದ ಬೂಟು ತೊಡಿಸಿ ಸಾಯುವವರೆಗೆ ಕುಣಿಸುವ ಶಿಕ್ಷೆಯನ್ನೂ ಕೈಬಿಟ್ಟರು. ಅವಳು ಸಿಡಿಲು ಬಡಿದ ಬಂಡೆಯಿಂದ ಬಿದ್ದು ಸಾಯುತ್ತಾಳೆ, ಯಾರ ಕೈಗೂ ರಕ್ತ ಅಂಟುವುದಿಲ್ಲ. ಕುಳ್ಳರಿಗೆ ಗ್ರಿಮ್ ಕಥೆಯಲ್ಲಿ ಹೆಸರೇ ಇರಲಿಲ್ಲ. ಸಿನಿಮಾ ಒಬ್ಬೊಬ್ಬನಿಗೂ ಒಂದು ಹೆಸರು, ಒಂದು ಚಾಳಿ ಕೊಟ್ಟಿತು.

ಅರ್ಬುತನಿಗೆ ಹತ್ತಿರದ ನಂಟು ಇರುವುದು ಡೆನ್ಮಾರ್ಕಿನ ಆಂಡರ್ಸನ್ ಬರೆದ ಮತ್ಸ್ಯಕನ್ಯೆಗೆ. 1837ರ ಆ ಕಥೆಯಲ್ಲಿ ರಾಜಕುಮಾರ ಬೇರೆಯವಳನ್ನು ಮದುವೆಯಾಗುತ್ತಾನೆ. ಅವನನ್ನು ಇರಿದರೆ ಇವಳ ಜೀವ ಉಳಿಯುತ್ತದೆ. ಇರಿಯಲಾರದೆ ಕಡಲಿಗೆ ಹಾರಿ ನೊರೆಯಾಗುತ್ತಾಳೆ. ತಾನು ಉಳಿಯಲು ಇನ್ನೊಂದು ಜೀವ ಬೇಕು, ಅದನ್ನು ತೆಗೆಯಲು ಮನಸ್ಸು ಬಾರದು ಎಂಬ ನಮ್ಮ ಹುಲಿಯ ಇಕ್ಕಟ್ಟೇ ಅವಳದೂ. 1989ರಲ್ಲಿ ಡಿಸ್ನಿ ಅವಳಿಗೆ ಮದುವೆ ಮಾಡಿಸಿತು. ಮಕ್ಕಳು ಅಳದೆ ಮನೆಗೆ ಹೋಗಲಿ ಎಂಬುದು ಕೆಟ್ಟ ಉದ್ದೇಶವಲ್ಲ. ಟಿಕೆಟ್ ಕೊಂಡ ಅಪ್ಪ–ಅಮ್ಮಂದಿರೂ ಅದನ್ನೇ ಬಯಸುತ್ತಾರೆ. ಆದರೆ ಕಣ್ಣೀರು ಹಾಕಿಸಿದ ಗೋವಿನ ಹಾಡು ಮಕ್ಕಳನ್ನು ಕೆಡಿಸಿದ್ದನ್ನು ನಾನಂತೂ ನೋಡಿಲ್ಲ.

ಕಥೆಗೆ ಇಲ್ಲದ ನಗೆಗಾರರನ್ನು ತುರುಕುತ್ತಾರೆ ಎಂಬ ದೂರನ್ನು ಮಾತ್ರ ನಾನು ಒಪ್ಪಲಾರೆ. ಸಿಂಡ್ರೆಲಾ ಮನೆಯ ಇಲಿಗಳನ್ನು ಹಳಿಯುವ ಮೊದಲು ನಮ್ಮ ಶ್ರೀಕೃಷ್ಣ ಪಾರಿಜಾತ ನೆನಪಿರಲಿ. ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರ ಆ ಆಟದಲ್ಲಿ ರಾತ್ರಿಯಿಡೀ ಜನರನ್ನು ಎಚ್ಚರ ಇಡುವುದು ದೂತಿಯೇ. ಊರ ಗೌಡನನ್ನೂ ಬಿಡದೆ ಎಲ್ಲರ ಕಾಲೆಳೆಯುವುದು ಆ ಪಾತ್ರದ ಹಕ್ಕು. ತೊಗಲುಗೊಂಬೆ ಆಟದಲ್ಲಿ ರಾಮ–ರಾವಣರ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಹೊಲಸು ಜೋಕು ಹೊಡೆದು ಹೋಗುತ್ತಾರೆ. ವಾಲ್ಮೀಕಿಗೆ ಅವರ ಪರಿಚಯವಿಲ್ಲ. ದೀಪದ ಮುಂದೆ ಬಣ್ಣದ ತೊಗಲು ಕುಣಿಸಿ ಬಿಳಿ ಪರದೆಯ ಮೇಲೆ ಕಥೆ ನಡೆಸಿದ, ಈ ಆಟ ಆಡಿಸುವ ಕಿಳ್ಳೇಕ್ಯಾತ ಜನರೇ ನಮ್ಮ ಮೊದಲ ಆನಿಮೇಷನ್‌ನವರು ಎಂದರೆ ಅತಿಶಯವಲ್ಲ. ಈಗ ಉಳಿದಿರುವ ಪೂರ್ಣಾವಧಿ ಆನಿಮೇಷನ್ ಚಿತ್ರಗಳಲ್ಲೇ ಹಳೆಯದು, ಅರೇಬಿಯನ್ ನೈಟ್ಸ್ ಕಥೆಗಳಿಂದ ಹೆಣೆದ 1926ರ ‘ರಾಜಕುಮಾರ ಅಹ್ಮದ್’. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕಪ್ಪು ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ, ಕೀಲು ಜೋಡಿಸಿ, ನೆರಳು ಆಡಿಸಿ ಮಾಡಿದ್ದು. ಕಿಳ್ಳೇಕ್ಯಾತರ ಮನೆಯ ಮುದುಕನಿಗೆ ಅದನ್ನು ತೋರಿಸಿದ್ದರೆ ‘ನಮ್ಮದ ಆಟ ಐತಲ್ರೀ’ ಅನ್ನುತ್ತಿದ್ದ.

ಭಾರತದಲ್ಲಿ ಸರ್ಕಾರಿ ಕಾರ್ಟೂನ್ ಶುರುವಾದದ್ದೂ ಪ್ರಾಣಿಯ ಕಥೆಯಿಂದಲೇ. ಮುಂಬೈಯ ಫಿಲ್ಮ್ಸ್ ಡಿವಿಷನ್ ತನ್ನ ಕಾರ್ಟೂನ್ ವಿಭಾಗದವರನ್ನು ತಯಾರು ಮಾಡಲು ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಅವರನ್ನು ಕರೆಸಿತು. 1957ರಲ್ಲಿ ಹೊರಬಂದ ‘ದಿ ಬ್ಯಾನಿಯನ್ ಡೀರ್’ ಜಾತಕಕಥೆಯ ಜಿಂಕೆಯದು. ಬಸುರಿ ಜಿಂಕೆಯ ಸರದಿ ಬಂದಾಗ ಅವಳ ಬದಲಿಗೆ ಜಿಂಕೆಗಳ ರಾಜನೇ ಕೊಲ್ಲುವ ಕಟ್ಟೆಗೆ ತಲೆ ಕೊಡುತ್ತಾನೆ. ಆಣೆ, ತಾಯ್ತನ, ಸಾವಿನ ಮುಂದೆ ನಿಂತ ಪ್ರಾಣಿ: ಪುಣ್ಯಕೋಟಿಯ ಬಳಗವೇ. ನಾಡಿಗೆ ಹೊಸ ಕಲೆ ಕಲಿಸಲು ಕೈಗೆ ಸಿಕ್ಕಿದ್ದು ಎಲ್ಲಕ್ಕಿಂತ ಹಳೆಯ ಸರಕು.

ನಮ್ಮ ಜಿಲ್ಲೆಯವರು ಹಳೆಯ ಸರಕು ಕೂಡಿಡುವುದರಲ್ಲಿ ಹಿಂದೆ ಬಿದ್ದವರಲ್ಲ. ಭೀಮಾ ತೀರಕ್ಕೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ಬೀಸುವ, ಕುಟ್ಟುವ ಹೆಂಗಸರ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಅವರು ಬರೆದಿಡದಿದ್ದರೆ ಗಿರಣಿ ಬಂದ ಮೇಲೆ ಅವು ಬೀಸುಕಲ್ಲಿನ ಜೊತೆಗೇ ಮೂಲೆ ಸೇರುತ್ತಿದ್ದವು. ಆದರೂ ಅಚ್ಚಿಗೆ ತನ್ನದೊಂದು ಗುಣವಿದೆ. ಒಂದೊಂದು ಓಣಿಯಲ್ಲಿ ಒಂದೊಂದು ತರಹ ಇದ್ದದ್ದು ಪುಸ್ತಕದಲ್ಲಿ ಒಂದೇ ತರಹ ಆಗಿ ಕೂರುತ್ತದೆ. ಗೋವಿನ ಹಾಡಿಗೂ ಪಠ್ಯಪುಸ್ತಕದಲ್ಲಿ ಹೀಗೇ ಆಯಿತು. ಈಗ ಯೂಟ್ಯೂಬಿನ ಕಾರ್ಟೂನು ಅದಕ್ಕೆ ಬಣ್ಣವನ್ನೂ ದನಿಯನ್ನೂ ಸೇರಿಸಿ ಇನ್ನಷ್ಟು ಗಟ್ಟಿ ಮಾಡುತ್ತಿದೆ. ಹುಲಿ ಸತ್ತಿತು ಅಂತ ಆಯಿ ಹೇಳಿದರೆ ‘ಹಂಗಿಲ್ಲ ಆಯಿ, ಮೊಬೈಲಿನ್ಯಾಗ ಬ್ಯಾರೆ ಐತಿ’ ಎಂದು ಮೊಮ್ಮಗ ತಿದ್ದುವ ಕಾಲ. ಮೊದಲೂ ಮಕ್ಕಳು ತಿದ್ದುತ್ತಿದ್ದರು, ಇನ್ನೊಬ್ಬ ಆಯಿ ಹೇಳಿದ್ದನ್ನು ಹಿಡಿದುಕೊಂಡು. ಆಗ ಇಬ್ಬರು ಆಯಿಗಳ ನಡುವೆ ಜಗಳ ಹಚ್ಚಿ ಮೂರನೆಯ ಕಥೆ ಹುಟ್ಟಿಸಬಹುದಿತ್ತು. ಮೇಲಾಗಿ ಕಥೆ ಮುಂದೆ ಹೋಗಬೇಕಾದರೆ ಕೇಳುವವರು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಹೇಳುವವಳೂ ನಿಲ್ಲಿಸಿ, ನಿದ್ದೆ ಬಂತೇನೋ ಎಂದು ನೋಡಿ, ಬೇಸರವಾಗಿದ್ದರೆ ದಾರಿ ಬದಲಿಸುತ್ತಿದ್ದಳು. ಮೊಬೈಲಿಗೆ ಹೂಂ ಬೇಕಿಲ್ಲ, ಮಗು ಮಲಗಿದ ಮೇಲೂ ಅದು ಹೇಳುತ್ತಲೇ ಇರುತ್ತದೆ.

ಹಾಗಾದರೆ ನಮ್ಮ ಕಥೆಗಳನ್ನು ಕಾರ್ಟೂನಿಗೆ ಕೊಡಬಾರದೇ? ಕೊಡಬೇಕು. ಇನ್ನೂ ಯಾರೂ ಮುಟ್ಟದ್ದನ್ನು ಕೊಡಬೇಕು. ನನ್ನ ಕೈಲಿ ಇದ್ದರೆ ಹಂಚಿಯ ಕಥೆ ಕೊಡುತ್ತಿದ್ದೆ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಆ ಸೀಮೆಯಲ್ಲಿ ಕೇಳಿ ಬರೆದುಕೊಂಡದ್ದು. ಅಲನ್ ಡಂಡೆಸ್ 1982ರಲ್ಲಿ ಸಿಂಡ್ರೆಲಾ ಬಗ್ಗೆ ತಂದ ಪುಸ್ತಕದಲ್ಲಿ ಇದು ಕನ್ನಡದ ಸಿಂಡ್ರೆಲಾ ಎಂದು ಸೇರಿತು.

ಅಲ್ಲಿ ಗಾಜಿನ ಪಾದುಕೆ ಇಲ್ಲ, ರಾಜಕುಮಾರನ ನಾಚ್ ಇಲ್ಲ, ಮಲತಾಯಿಯೂ ಇಲ್ಲ. ಬಂಗಾರದ ಕೂದಲಿನ ಹುಡುಗಿ ಹಂಚಿ, ಅವಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದ ಸ್ವಂತ ಅಣ್ಣ. ತಾಯಿ ಅವನನ್ನು ಮದುವೆ ಸಾಮಾನು ತರಲು ಪೇಟೆಗೆ ಕಳಿಸಿ, ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ ಊರು ಬಿಡಿಸುತ್ತಾಳೆ. ಹುಡುಗಿ ಸಾಹುಕಾರರ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಮುಖವಾಡ ತೆಗೆದು ಮೀಯುವಾಗ ಆ ಮನೆಯ ಮಗ ನೋಡಿ ಮದುವೆಯಾಗುತ್ತಾನೆ. ಸಿಂಡ್ರೆಲಾ ಆಗಿದ್ದರೆ ಇಲ್ಲಿಗೆ ಮಂಗಳ. ಹಂಚಿಯ ಕಷ್ಟ ಮದುವೆ ಆದ ಮೇಲೆ ಮತ್ತೆ ಶುರುವಾಗುತ್ತದೆ. ಮನೆಗೆ ಬಂದು ಹೋಗುವ ಗುರುಸ್ವಾಮಿಯ ಕಣ್ಣು ಅವಳ ಮೇಲೆ ಬೀಳುತ್ತದೆ. ಅವನು ವಶೀಕರಣಕ್ಕೆ ಮಂತ್ರಿಸಿ ಕೊಟ್ಟದ್ದನ್ನು ಅವಳು ಮನೆಯ ಸಾಮಾನಿಗೆ ತಾಗಿಸುತ್ತಾಳೆ. ಸಾಮಾನೇ ಎದ್ದು ರಾತ್ರಿ ಅವನ ಕೋಣೆಗೆ ಹೋಗುತ್ತದೆ. ಹಗೆ ಸಾಧಿಸಿದ ಅವನು ಅವಳ ಶೀಲಕ್ಕೆ ಮಸಿ ಬಳಿದು ಪೆಟ್ಟಿಗೆಯಲ್ಲಿ ಹಾಕಿಸುತ್ತಾನೆ. ಒಬ್ಬ ಮುದುಕಿ ಅವಳನ್ನು ಬಿಡಿಸಿ ಪೆಟ್ಟಿಗೆಯೊಳಗೆ ಹುಚ್ಚುನಾಯಿ ಕೂರಿಸುತ್ತಾಳೆ. ಸ್ವಾಮಿ ಬಾಗಿಲು ಹಾಕಿಕೊಂಡು ಆಸೆಯಿಂದ ಪೆಟ್ಟಿಗೆ ತೆರೆಯುತ್ತಾನೆ. ಕೊನೆಗೆ ಹೆಂಡತಿಯನ್ನು ಗಂಡ ಪತ್ತೆ ಹಚ್ಚುವುದು ಪಾದದ ಅಳತೆಯಿಂದಲ್ಲ, ಅವಳು ಮಾಡಿದ ಸಿಹಿ ಅನ್ನದ ರುಚಿಯಿಂದ.

ಕಾರ್ಟೂನಿಗೆ ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿದೆ? ಮನೆಯ ಸಾಮಾನು ಎದ್ದು ನಡೆಯುವುದನ್ನು ಗೆರೆಯಲ್ಲಿ ತೋರಿಸಿದಷ್ಟು ಚೆಂದ ಬೇರೆ ಯಾವುದರಲ್ಲೂ ತೋರಿಸಲಾಗದು. ತೊಡಕುಗಳೂ ಉಂಟು. ರುಚಿಯನ್ನು ಬಿಡಿಸುವುದು ಹೇಗೆ? ಅಣ್ಣನನ್ನು ಮಕ್ಕಳ ಮುಂದೆ ತರುವುದು ಹೇಗೆ? ಹೇಳುವವಳಾದರೆ ಒಂದೇ ಮಾತಿನಲ್ಲಿ ದಾಟಿಬಿಡುತ್ತಾಳೆ, ಅರ್ಥವಾಗುವ ವಯಸ್ಸಿನವರಿಗೆ ಅರ್ಥವಾಗುತ್ತದೆ. ಪರದೆಯ ಮೇಲೆ ಅವನಿಗೆ ಮುಖ ಬೇಕು. ಬಂಗಾರದ ಕೂದಲು ಇನ್ನೂ ಕಷ್ಟ. ಕೇಳುವಾಗ ಅದು ಸರಾಫನ ಅಂಗಡಿಯ ಬಂಗಾರ. ಬಿಡಿಸಿದ ಕೂಡಲೇ ಹುಡುಗಿ ಡಿಸ್ನಿಯ ಮಗಳಾಗಿಬಿಡುತ್ತಾಳೆ. ಇಳಕಲ್ ಸೀರೆ ಉಡಿಸಿದರೂ ಅದು ಹೋಗದು.

ಗುರುಸ್ವಾಮಿಯ ವಿಷಯದಲ್ಲಿ ನನಗೆ ಹೆಚ್ಚಿನ ಅನುಮಾನ. ಇವತ್ತು ಯಾರೇ ಹಣ ಹಾಕಿದರೂ ಮೊದಲ ಮೀಟಿಂಗಿನಲ್ಲೇ ಅವನ ಕಾವಿ ಬಿಚ್ಚಿಸಿ, ಕರಿ ನಿಲುವಂಗಿ ತೊಡಿಸಿ, ಕೈಗೊಂದು ತಲೆಬುರುಡೆ ಕೊಟ್ಟು ಗುಹೆಯಲ್ಲಿರುವ ಮಾಂತ್ರಿಕನನ್ನಾಗಿ ಮಾಡುತ್ತಾರೆ. ಕಥೆಯಲ್ಲಿ ಅವನು ಗುಹೆಯಿಂದ ಬಂದವನಲ್ಲ. ಮನೆಮಂದಿ ಕಾಲಿಗೆ ಬಿದ್ದು ಒಳಗೆ ಕರೆದವನು, ಸೊಸೆಯ ಮಾತಿಗಿಂತ ಅವನ ಮಾತನ್ನೇ ಮನೆಯವರೆಲ್ಲ ನಂಬಿದ್ದರು. ಆ ಕಥೆ ಹೇಳಿದ ಹೆಣ್ಣುಮಕ್ಕಳಿಗೆ ಮಾಂತ್ರಿಕರ ಭಯ ಇರಲಿಲ್ಲ, ಇವನ ಭಯ ಇತ್ತು. ಕಾವಿಯನ್ನು ಹಾಗೇ ಬಿಡುವ ಧೈರ್ಯ ಇದ್ದವರು ಯಾರಾದರೂ ಇದ್ದರೆ ಕೂದಲನ್ನು ಅವರು ಯಾವ ಬಣ್ಣದಲ್ಲಾದರೂ ಬಿಡಿಸಲಿ, ನನ್ನ ತಕರಾರಿಲ್ಲ.