ಕೂಡಿದ ಬ್ಯಾಂಕುಗಳೂ ಕೂಡದ ಲೆಕ್ಕವೂ

2019ನೆಯ ಇಸವಿ ಏಪ್ರಿಲ್ 1ನೆಯ ತಾರೀಖಿನಂದು ವಿಜಯಾ ಬ್ಯಾಂಕೆಂಬ ಹೆಸರು ನಮ್ಮ ನಾಡಿನ ವ್ಯವಹಾರ ಪ್ರಪಂಚದಿಂದ ಅಳಿಸಿಹೋಯಿತು. 1931ರಲ್ಲಿ, ಜಗತ್ತೆಲ್ಲವೂ ವ್ಯಾಪಾರದ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ, ಅತ್ತಾವರ ಬಾಲಕೃಷ್ಣ ಶೆಟ್ಟರು ದಕ್ಷಿಣ ಕನ್ನಡದ ಬೇಸಾಯಗಾರರನ್ನು ಕೂಡಿಸಿಕೊಂಡು ಮಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಯಿದು. ಅದು ಗುಜರಾತಿನಲ್ಲಿ ಮಹಾರಾಜ ಸಯ್ಯಾಜಿರಾಯರ ಆಶ್ರಯದಲ್ಲಿ 1908ರಲ್ಲಿ ಹುಟ್ಟಿದ ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು. ಅದರೊಡನೆಯೇ ದೇನಾ ಬ್ಯಾಂಕೂ ಸೇರಿತು. ಮರುವರ್ಷ ಅದೇ ತಾರೀಖಿನಂದು ಉಡುಪಿಯಲ್ಲಿ ಜನ್ಮವೆತ್ತಿದ ಎರಡು ಬ್ಯಾಂಕುಗಳ ಪೈಕಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನೂ ಸೇರಿದುವು. ಅವಿಭಕ್ತ ದಕ್ಷಿಣ ಕನ್ನಡದಲ್ಲಿ ಹುಟ್ಟಿ ರಾಷ್ಟ್ರೀಕೃತವಾದ ನಾಲ್ಕು ಬ್ಯಾಂಕುಗಳಲ್ಲಿ ಇಂದು ಸ್ವನಾಮದಿಂದ ಉಳಿದಿರುವುದು ಕೆನರಾ ಬ್ಯಾಂಕೊಂದೇ.

ಹೆಸರು ಹೋಯಿತೆಂದು ಗೋಳಾಡುವುದು ನಮ್ಮ ಉದ್ದೇಶವಲ್ಲ. ಸಂಸ್ಥೆಗಳು ಕೂಡುವುದೇ ಅನರ್ಥವೆಂದು ವಾದಿಸುವವರು ವಿಜಯಾ ಬ್ಯಾಂಕಿನ ಚರಿತ್ರೆಯನ್ನೇ ಒಮ್ಮೆ ನೋಡಬೇಕು. 1963ರಿಂದ 1968ರವರೆಗಿನ ಅವಧಿಯಲ್ಲಿ ಅದೂ 9 ಸಣ್ಣ ಬ್ಯಾಂಕುಗಳನ್ನು ತನ್ನಲ್ಲಿ ಸೇರಿಸಿಕೊಂಡೇ ಅಖಿಲ ಭಾರತ ವ್ಯಾಪ್ತಿಗೆ ಬೆಳೆಯಿತು. ನಾವು ವಾಚಕರ ಮುಂದಿಡಬಯಸುವ ಪ್ರಶ್ನೆ ಬೇರೆ. ಪೇಟೆಯಲ್ಲಿ ಷೇರುಗಳು ವಿಕ್ರಯವಾಗುವ, ಸಾವಿರಾರು ಗೃಹಸ್ಥರು ಪಾಲುದಾರರಾಗಿರುವ ಒಂದು ಸಾರ್ವಜನಿಕ ಸಂಸ್ಥೆಯು ಇನ್ನೊಂದು ಸಂಸ್ಥೆಯನ್ನು ತನ್ನೊಳಗೆ ತೆಗೆದುಕೊಂಡಾಗ ಯಾವ ಯಾವ ಅಪಾಯಗಳು ಒದಗುತ್ತವೆ? ಅವನ್ನು ಹೊರುವವರು ಯಾರು? ಆ ಅಪಾಯಗಳು ಫಲಿಸಿದುವೋ ಇಲ್ಲವೋ ಎಂಬುದು ಕಡೆಗೆ ನಮಗೆ ತಿಳಿಯುವ ದಾರಿಯಾದರೂ ಇದೆಯೆ?

ಮೊದಲನೆಯ ಅಪಾಯವು ಬೆಲೆ ಕಟ್ಟುವುದರಲ್ಲಿದೆ. ಮೂರು ಬ್ಯಾಂಕುಗಳನ್ನು ಕೂಡಿಸುವ ಆಲೋಚನೆಯನ್ನು ಸರ್ಕಾರವು 2018ರ ಸೆಪ್ಟೆಂಬರ್ 17ರಂದು ಪ್ರಕಟಿಸಿತು. ಮರುದಿನವೇ ಬರೋಡಾ ಬ್ಯಾಂಕಿನ ಷೇರಿನ ಬೆಲೆ ನೂರಕ್ಕೆ ಸುಮಾರು 16ರಷ್ಟು ಕುಸಿಯಿತು. ದುರ್ಬಲವಾಗಿದ್ದ ದೇನಾ ಬ್ಯಾಂಕಿನ ಷೇರು ಮೇಲಕ್ಕೇರಿತು. ಬಲವುಳ್ಳವನ ಹೆಗಲಿನ ಮೇಲೆ ಭಾರ ಬೀಳಲಿದೆಯೆಂಬುದನ್ನು ಪೇಟೆಯು ಒಂದು ಹಗಲಿನಲ್ಲಿ ಗ್ರಹಿಸಿತು. ತರುವಾಯ ನಿಶ್ಚಯವಾದ ಪ್ರಮಾಣದಂತೆ ವಿಜಯಾ ಬ್ಯಾಂಕಿನ 1000 ಷೇರುಗಳಿಗೆ ಬರೋಡಾ ಬ್ಯಾಂಕಿನ 402 ಷೇರುಗಳೂ, ದೇನಾ ಬ್ಯಾಂಕಿನ 1000 ಷೇರುಗಳಿಗೆ 110 ಷೇರುಗಳೂ ದೊರೆತುವು. ಸಾಮಾನ್ಯ ಕಂಪೆನಿಗಳ ವಿಷಯದಲ್ಲಾದರೆ ಇಂತಹ ಒಪ್ಪಂದಕ್ಕೆ ಮತ ಕೊಡುವ ಪಾಲುದಾರರಲ್ಲಿ ಮುಕ್ಕಾಲು ಮೌಲ್ಯದಷ್ಟು ಷೇರುಳ್ಳವರ ಸಮ್ಮತಿ ಬೇಕೆಂದು 2013ರ ಕಂಪೆನಿ ಕಾನೂನು ವಿಧಿಸುತ್ತದೆ. ರಾಷ್ಟ್ರೀಕೃತ ಬ್ಯಾಂಕುಗಳಲ್ಲಿಯಾದರೋ ಕೇಂದ್ರ ಸರ್ಕಾರವೇ ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ ಯೋಜನೆಯನ್ನು ರಚಿಸುತ್ತದೆ. ಕೊಡುವವನೂ ಕೊಳ್ಳುವವನೂ ಒಬ್ಬನೇ ಯಜಮಾನನಾಗಿರುವಲ್ಲಿ ಬೆಲೆಯ ಕುರಿತು ಚೌಕಾಶಿ ಮಾಡುವವರಾರು? ಜೀವಮಾನದ ಉಳಿತಾಯದಲ್ಲಿ ನಾಲ್ಕು ಷೇರು ಕೊಂಡಿಟ್ಟ ನಿವೃತ್ತ ಉಪಾಧ್ಯಾಯನ ಮಾತು ಆ ಸಭೆಯಲ್ಲಿ ಕೇಳಿಬರುವುದು ಕಷ್ಟ.

ಎರಡನೆಯ ಅಪಾಯವು ಬಾರದ ಸಾಲದ್ದು. 2018ರ ಜೂನ್ ಅಂತ್ಯದ ಲೆಕ್ಕದಂತೆ, ಮುಂಗಡವಾಗಿ ತೆಗೆದಿರಿಸಿದ ಹಣವನ್ನು ಕಳೆದು ಉಳಿದ ವಸೂಲಾಗದ ಸಾಲವು ವಿಜಯಾ ಬ್ಯಾಂಕಿನಲ್ಲಿ ನೂರಕ್ಕೆ 4.10, ಬರೋಡಾ ಬ್ಯಾಂಕಿನಲ್ಲಿ 5.40, ದೇನಾ ಬ್ಯಾಂಕಿನಲ್ಲಿ 11.04 ಇದ್ದಿತು. ದೇನಾ ಬ್ಯಾಂಕು ಹೊಸ ಸಾಲ ಕೊಡಕೂಡದೆಂದು ರಿಸರ್ವ್ ಬ್ಯಾಂಕು ಆಗಲೇ ತಡೆ ಹಾಕಿದ್ದಿತು. ವಿಜಯಾ ಬ್ಯಾಂಕಾದರೋ, ಸರ್ಕಾರೀ ಬ್ಯಾಂಕುಗಳಲ್ಲಿ ಬಹುತೇಕ ಎಲ್ಲವೂ ನಷ್ಟ ತೋರಿಸಿದ 2017-18ನೆಯ ಸಾಲಿನಲ್ಲಿಯೂ 727 ಕೋಟಿ ರೂಪಾಯಿ ಲಾಭ ಗಳಿಸಿದ್ದಿತು. ಆ ವರ್ಷ ಲಾಭ ಕಂಡ ಸರ್ಕಾರೀ ಬ್ಯಾಂಕುಗಳು ಎರಡೇ. ಇನ್ನೊಂದು ಇಂಡಿಯನ್ ಬ್ಯಾಂಕು. ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ ಅಂಕಿ 5.71 ಎಂದಾಗುತ್ತದೆ. ಸರಾಸರಿಯಿಂದ ಕಾಗದವು ಸುಂದರವಾಗುವುದು ನಿಜ. ಆದರೆ ಬಾರದ ಒಂದು ರೂಪಾಯಿಯೂ ಅದರಿಂದ ಬಂದಂತಾಗುವುದಿಲ್ಲ. ಅದನ್ನರಿತೇ ಸರ್ಕಾರವು ವಿಲೀನಕ್ಕೆ ಮುಂಚೆ ಬರೋಡಾ ಬ್ಯಾಂಕಿಗೆ 5042 ಕೋಟಿ ರೂಪಾಯಿಗಳ ಬಂಡವಾಳವನ್ನು ತುಂಬಿತು. ಆ ಹಣವು ತೆರಿಗೆ ಕೊಡುವ ಪ್ರಜೆಯದೆಂಬುದನ್ನು ಹೇಳಬೇಕಾದುದಿಲ್ಲ.

ಇದಕ್ಕೆ ಹಿಂದಿನ ನಿದರ್ಶನವೂ ಉಂಟು. 1993ರಲ್ಲಿ ನಷ್ಟದಲ್ಲಿದ್ದ ನ್ಯೂ ಬ್ಯಾಂಕ್ ಆಫ್ ಇಂಡಿಯಾವನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ ಸೇರಿಸಲಾಯಿತು. ರಾಷ್ಟ್ರೀಕೃತ ಬ್ಯಾಂಕುಗಳೆರಡು ಒಂದಾದದ್ದು ಅದೇ ಮೊದಲು. ಲಾಭದಲ್ಲಿ ನಡೆದುಬಂದಿದ್ದ ಪಂಜಾಬ್ ಬ್ಯಾಂಕು 1995-96ರಲ್ಲಿ ನಷ್ಟವನ್ನು ತೋರಿಸಬೇಕಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರನೆಂಬ ಗಾದೆಯಲ್ಲಿ ಇಬ್ಬರೇ ಇದ್ದಾರೆ. ಇಲ್ಲಿ ಮೂರನೆಯವನೊಬ್ಬನಿದ್ದಾನೆ, ಕೊಟ್ಟವನೂ ಅಲ್ಲದೆ ಇಸಕೊಂಡವನೂ ಅಲ್ಲದೆ ಸಾಲವನ್ನು ಹೊತ್ತವನು ಅವನು.

ಮೂರನೆಯ ಅಪಾಯವು ಖಾತೆ ಕೀರ್ದಿಗಳನ್ನು ಒಂದುಗೂಡಿಸುವುದರಲ್ಲಿದೆ. ಮೂರು ಬ್ಯಾಂಕುಗಳೂ ಬೆಂಗಳೂರಿನ ಇನ್ಫೋಸಿಸ್ ಕಂಪೆನಿಯ ಫಿನಾಕಲ್ ಎಂಬ ಒಂದೇ ತಂತ್ರಾಂಶದ ಮೇಲೆ ನಡೆಯುತ್ತಿದ್ದುವಾದುದರಿಂದ ಕೆಲಸವು ಸುಲಭವೆಂದು ಮೊದಲಿಗೆ ಹೇಳಲಾಗಿದ್ದಿತು. ಆದರೂ ವಿಜಯಾ ಬ್ಯಾಂಕಿನ 2128, ದೇನಾ ಬ್ಯಾಂಕಿನ 1770, ಅಂತು 3898 ಶಾಖೆಗಳ ಲೆಕ್ಕವು ಬರೋಡಾ ಬ್ಯಾಂಕಿನ ಲೆಕ್ಕದಲ್ಲಿ ಬೆರೆತು ಮುಗಿದದ್ದು 2020ರ ಡಿಸೆಂಬರಿನಲ್ಲಿ. ನಡುವೆ ಕೋವಿಡ್ ಪಿಡುಗು ಅಡ್ಡಬಂದುದನ್ನು ನಾವು ಮರೆಯಲಾಗದು. ಆದರೂ ಕಾಗದದ ಮೇಲೆ ಒಂದು ದಿನದಲ್ಲಾದುದು ಕಾರ್ಯದಲ್ಲಿ ಆಗಲು 20 ತಿಂಗಳು ಹಿಡಿಯಿತೆಂಬುದು ಗಮನಾರ್ಹ. ಹಳೆಯ ಐ.ಎಫ್.ಎಸ್.ಸಿ. ಸಂಖ್ಯೆಗಳು 2021ರ ಮಾರ್ಚ್ 1ರಿಂದ ನಿಂತುಹೋದುವು. ಪಿಂಚಣಿಯ ಕಾಗದದಲ್ಲಿ, ಗ್ಯಾಸಿನ ಸಹಾಯಧನದ ಅರ್ಜಿಯಲ್ಲಿ, ಮಗನು ಪರವೂರಿನಿಂದ ಹಣ ಕಳುಹಿಸುವ ಕಡೆಯಲ್ಲಿ ಹೊಸ ಸಂಖ್ಯೆಯನ್ನು ಬರೆಯಿಸಿಕೊಳ್ಳುವ ಹೊಣೆಯು ಗಿರಾಕಿಯ ಪಾಲಿಗೇ ಬಂದಿತು.

ಈ ಕೆಲಸ ಕೆಟ್ಟರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಟಿ.ಎಸ್.ಬಿ. ಬ್ಯಾಂಕೇ ಸಾಕ್ಷಿ. ಅದನ್ನು 2015ರಲ್ಲಿ ಸ್ಪೇನ್ ದೇಶದ ಸಬಾಡೆಲ್ ಬ್ಯಾಂಕು ಕೊಂಡಿತು. 2018ರ ಏಪ್ರಿಲ್ ತಿಂಗಳಲ್ಲಿ ಸುಮಾರು 52 ಲಕ್ಷ ಗಿರಾಕಿಗಳ ಲೆಕ್ಕವನ್ನು ಹಳೆಯ ಗಣಕ ವ್ಯವಸ್ಥೆಯಿಂದ ಹೊಸ ಒಡೆಯನ ವ್ಯವಸ್ಥೆಗೆ ಒಮ್ಮೆಗೇ ಸಾಗಿಸಲು ಹೋದಾಗ ಸುಮಾರು 19 ಲಕ್ಷ ಮಂದಿ ತಮ್ಮ ಹಣವನ್ನು ತಾವೇ ಕಾಣಲಾರದೆ ತಬ್ಬಿಬ್ಬಾದರು. ಬ್ಯಾಂಕಿನ ಮುಖ್ಯಾಧಿಕಾರಿ ಅದೇ ಸೆಪ್ಟೆಂಬರಿನಲ್ಲಿ ಹುದ್ದೆಯನ್ನು ತೊರೆದರು. 2022ರಲ್ಲಿ ಅಲ್ಲಿನ ನಿಯಂತ್ರಣಾಧಿಕಾರಿಗಳು 4 ಕೋಟಿ 86 ಲಕ್ಷ ಪೌಂಡುಗಳಿಗೂ ಮಿಕ್ಕ ದಂಡವನ್ನು ವಿಧಿಸಿದರು. ಬರೋಡಾ ಬ್ಯಾಂಕು ಒಮ್ಮೆಗೇ ಧುಮುಕದೆ ಹಂತಹಂತವಾಗಿ ಶಾಖೆಗಳನ್ನು ಸೇರಿಸಿಕೊಂಡದ್ದು ವಿವೇಕವೆಂದೇ ಹೇಳಬೇಕು.

ನಾಲ್ಕನೆಯ ಅಪಾಯವು ಮನುಷ್ಯರದು. ಇದನ್ನು ಕನ್ನಡಿಗರಾದ ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕೆಳಗಿದ್ದ ನಾಡು ಒಂದಾಯಿತು. ನಾಡು ಒಂದು ದಿನದಲ್ಲಿ ಒಂದಾದರೂ ಐದು ಕಡೆಯ ನೌಕರರ ಜ್ಯೇಷ್ಠತೆಯ ಪಟ್ಟಿಯು ಒಂದಾಗುವುದಕ್ಕೆ ಎಷ್ಟು ವರ್ಷಗಳು, ಎಷ್ಟು ವ್ಯಾಜ್ಯಗಳು ಬೇಕಾದುವೆಂಬುದನ್ನು ಹಿರಿಯ ಅಧಿಕಾರಿಗಳ ಮನೆಗಳಲ್ಲಿ ಈಗಲೂ ನೆನೆಯುತ್ತಾರೆ. ಭಾಷೆಯೊಂದೇ ಆಗಿ ಸ್ವೇಚ್ಛೆಯಿಂದ ಕೂಡಿದವರ ಗತಿಯೇ ಹೀಗಾದರೆ, ಭಾಷೆ ಬೇರೆ, ರೂಢಿ ಬೇರೆ, ಕೂಡಬೇಕೆಂಬ ಇಚ್ಛೆಯೂ ಇಲ್ಲದವರ ಪಾಡೇನು? ನ್ಯೂ ಬ್ಯಾಂಕಿನ ನೌಕರರ ಜ್ಯೇಷ್ಠತೆಯ ಜಗಳವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಡಿಸೆಂಬರ್ 26ರಂದು ಬರೋಡಾ ವಿಲೀನವನ್ನು ವಿರೋಧಿಸಿ ದೇಶದ ಬ್ಯಾಂಕು ನೌಕರರು ಮುಷ್ಕರ ಹೂಡಿದರು.

ಜ್ಯೇಷ್ಠತೆಗಿಂತಲೂ ಸೂಕ್ಷ್ಮವಾದ ನಷ್ಟವೊಂದಿದೆ. ಬ್ಯಾಂಕಿನ ನಿಜವಾದ ಬಂಡವಾಳವು ತಿಜೋರಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ನೌಕರನ ತಿಳಿವಿನಲ್ಲಿರುತ್ತದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿದರು. ಯಾವ ಮನೆಯವರು ಮಳೆಗಾಲದಲ್ಲಿ ಕಟ್ಟಲಾರರು, ಯಾವ ಅಂಗಡಿಯವನು ಮಾತಿಗೆ ತಪ್ಪುವವನಲ್ಲ ಎಂಬ ಜ್ಞಾನವು ಹಾಗೆ ದಿನದಿನವೂ ಬೀದಿ ಅಲೆದು ಕೂಡಿದ್ದು. ಅದು ಯಾವ ಅಢಾವೆ ಪತ್ರಿಕೆಯಲ್ಲಿಯೂ ಆಸ್ತಿಯಾಗಿ ಬರೆಯಲ್ಪಡುವುದಿಲ್ಲ. ಆದುದರಿಂದ ಕಳೆದುಹೋದರೂ ನಷ್ಟವಾಗಿ ಕಾಣುವುದಿಲ್ಲ. ಊರನ್ನು ಬಲ್ಲ ಗುಮಾಸ್ತನು ದೂರದ ಪ್ರಾಂತಕ್ಕೆ ವರ್ಗವಾಗಿ, ಊರಿನ ಭಾಷೆಯನ್ನರಿಯದ ಅಧಿಕಾರಿಯು ಅವನ ಕುರ್ಚಿಯಲ್ಲಿ ಕುಳಿತರೆ ಸಾಲ ಕೇಳಬಂದ ರೈತನು ನಿಯಮದ ಪುಸ್ತಕದೊಡನೆ ಮಾತನಾಡಬೇಕಾಗುತ್ತದೆಯೇ ಹೊರತು ಮನುಷ್ಯನೊಡನಲ್ಲ.

ಇಷ್ಟನ್ನು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಹೇಳಬೇಕು. ಬರೋಡಾ ಬ್ಯಾಂಕು ಮುಳುಗಲಿಲ್ಲ. 2019-20ರಲ್ಲಿ 546 ಕೋಟಿ ರೂಪಾಯಿಯಿದ್ದ ಅದರ ಲಾಭವು 2021-22ರಲ್ಲಿ 7272 ಕೋಟಿಗೂ, 2023-24ರಲ್ಲಿ 17,789 ಕೋಟಿಗೂ ಏರಿತು. ಠೇವಣಿದಾರನ ಒಂದು ಕಾಸೂ ಹೋಗಲಿಲ್ಲ. ವಿಲೀನವು ಸಫಲವಾಯಿತೆನ್ನುವುದಕ್ಕೆ ಇನ್ನೇನು ಬೇಕೆಂದು ಕೇಳುವವರುಂಟು.

ಅವರು ಇನ್ನೊಂದು ಲೆಕ್ಕವನ್ನೂ ನೋಡಲಿ. ಬ್ಯಾಂಕ್ ಆಫ್ ಮಹಾರಾಷ್ಟ್ರವನ್ನು ಯಾರೊಡನೆಯೂ ಕೂಡಿಸಲಿಲ್ಲ. 2017-18ರಲ್ಲಿ ಅದು ಸಾವಿರದ ನೂರು ಕೋಟಿಗೂ ಮೇಲ್ಪಟ್ಟು ನಷ್ಟಪಟ್ಟಿದ್ದಿತು. 2023-24ರಲ್ಲಿ 4055 ಕೋಟಿ ರೂಪಾಯಿ ಲಾಭ ಗಳಿಸಿತು. ಕೂಡಿದ್ದೂ ಏಳಿಗೆಗೆ ಬಂದಿತು, ಕೂಡದೆ ಒಂಟಿಯಾಗಿ ನಿಂತದ್ದೂ ಏಳಿಗೆಗೆ ಬಂದಿತು. ಹಾಗಾದರೆ ಏಳಿಗೆಗೆ ಕಾರಣವು ವಿಲೀನವೋ, ದೇಶದ ಬ್ಯಾಂಕುಗಳಿಗೆಲ್ಲ ಬಂದ ಒಳ್ಳೆಯ ಕಾಲವೋ? ವಿಜಯಾ ಬ್ಯಾಂಕು ತನ್ನ ಪಾಡಿಗೆ ತಾನಿದ್ದಿದ್ದರೆ ಇಂದು ಎಲ್ಲಿರುತ್ತಿದ್ದಿತು? ಈ ಪ್ರಶ್ನೆಗೆ ಪ್ರಮಾಣಪೂರ್ವಕವಾಗಿ ಉತ್ತರ ಕೊಡಬಲ್ಲವರು ಯಾರೂ ಇಲ್ಲ. ಏಕೆಂದರೆ 2019ರ ಮಾರ್ಚ್ 31ರ ತರುವಾಯ ವಿಜಯಾ ಬ್ಯಾಂಕಿನ ಲೆಕ್ಕವೆಂಬುದೇ ಪ್ರತ್ಯೇಕವಾಗಿ ಉಳಿಯಲಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯವು ಇದೇ. ಬೆಲೆಯಲ್ಲಿ ತಪ್ಪಾದರೆ ಪಾಲುದಾರನು ಅರಿಯುತ್ತಾನೆ. ಲೆಕ್ಕದ ಯಂತ್ರ ಕೆಟ್ಟರೆ ಗಿರಾಕಿಯು ಕೂಗುತ್ತಾನೆ. ನೌಕರನಿಗೆ ಅನ್ಯಾಯವಾದರೆ ನ್ಯಾಯಸ್ಥಾನವಿದೆ. ಆದರೆ ವಿಲೀನವು ಪೂರ್ಣವಾದಷ್ಟೂ ಅದರ ಗುಣದೋಷಗಳನ್ನು ತೂಗುವ ತಕ್ಕಡಿಯೇ ಮಾಯವಾಗುತ್ತದೆ. ಖರ್ಚು ಇಳಿಯುವುದು, ಸೇವೆ ಹೆಚ್ಚುವುದು, ಸಾಲ ವಿಸ್ತರಿಸುವುದು ಎಂದು ಮೊದಲಿಗೆ ಕೊಟ್ಟ ವಾಗ್ದಾನಗಳನ್ನು ಯಾರೂ ಮರಳಿ ಎದುರಿಗಿಟ್ಟು ಕೇಳುವುದಿಲ್ಲ. ಕೇಳಿದರೂ ತೋರಿಸುವುದಕ್ಕೆ ಪುಸ್ತಕವಿಲ್ಲ.

ಇದಕ್ಕೆ ಪರಿಹಾರವು ಅಸಾಧ್ಯವಾದುದೇನಲ್ಲ. ಇನ್ನೊಂದು ಸಂಸ್ಥೆಯನ್ನು ಸೇರಿಸಿಕೊಳ್ಳುವ ಪ್ರತಿಯೊಂದು ಸಾರ್ವಜನಿಕ ಸಂಸ್ಥೆಯೂ, ಅದು ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ಕೂಡಿದ ದಿನದಿಂದ ಐದು ವರ್ಷ ಪರ್ಯಂತ ತನ್ನ ವಾರ್ಷಿಕ ವರದಿಯಲ್ಲಿ ಒಂದು ಪ್ರತ್ಯೇಕ ಲೆಕ್ಕವನ್ನು ಅಚ್ಚು ಹಾಕತಕ್ಕದ್ದು. ಸೇರಿಬಂದ ಸಾಲದಲ್ಲಿ ಎಷ್ಟು ವಸೂಲಾಯಿತು, ಎಷ್ಟನ್ನು ಬಿಟ್ಟುಬಿಡಬೇಕಾಯಿತು. ಸೇರಿಬಂದ ಶಾಖೆಗಳಲ್ಲಿ ಎಷ್ಟು ಮುಚ್ಚಿದುವು, ಯಾವ ಜಿಲ್ಲೆಯಲ್ಲಿ. ಆ ಶಾಖೆಗಳು ಊರವರಿಗೆ ಕೊಡುತ್ತಿದ್ದ ಸಾಲವು ಹೆಚ್ಚಿತೋ ಇಳಿಯಿತೋ. ಹೇಳಿದ ಉಳಿತಾಯವೆಷ್ಟು, ಕೈಗೆ ಬಂದುದೆಷ್ಟು: ಇಷ್ಟೇ. ಗಣಕಯಂತ್ರಗಳ ಈ ಕಾಲದಲ್ಲಿ ಇದು ಒಬ್ಬ ಗುಮಾಸ್ತನ ಒಂದು ವಾರದ ಕೆಲಸ. ಇದರಿಂದ ವಿಲೀನವನ್ನು ಮಾಡಿದವರಿಗೆ ಹಾನಿಯಿಲ್ಲ. ಅವರ ಮಾತು ನಿಜವಾಗಿದ್ದರೆ ಆ ಲೆಕ್ಕವೇ ಅವರಿಗೆ ಕೀರ್ತಿಯನ್ನು ತರುವುದು.

ಬೇಸಾಯಗಾರರ ಚಿಕ್ಕ ಚಿಕ್ಕ ಹಣದಿಂದ ಎದ್ದ ಸಂಸ್ಥೆಯೊಂದನ್ನು ದೊಡ್ಡ ಸಂಸ್ಥೆಯೊಂದಕ್ಕೆ ಒಪ್ಪಿಸಿದ್ದಾಗಿದೆ. ಮರಳಿ ಕೊಡಿರೆಂದು ನಾವು ಕೇಳುವುದಿಲ್ಲ. ಒಪ್ಪಿಸಿದ್ದರ ಲೆಕ್ಕವನ್ನು ಕೇಳುತ್ತೇವೆ. ಲೆಕ್ಕ ಕೇಳುವುದು ವೈರವಲ್ಲ. ಬ್ಯಾಂಕಿನವರೇ ತಮ್ಮ ಸಾಲಿಗರಿಗೆ ದಿನವೂ ಹೇಳುವ ಮಾತು ಅದು.